ಅಜ್ಜಿಯ ತೂಕದ ಮಷೀನು ಮತ್ತು ಆರು ಸ್ಪ್ರಿಂಗುಗಳು

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರಿಂದ ಮುಳ್ಳಿರುವ ಹಳೇ ಮಾದರಿಯ ಒಂದು ತೂಕದ ಮಷೀನು ತಂದುಕೊಟ್ಟಿದ್ದೆ. ಕಳೆದ ವರ್ಷ ಆಷಾಢದ ಒಂದು ಭಾನುವಾರ ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಹಲಸೂರಿನ ತವರುಮನೆಗೆ ಹೋದರೆ, ಅಮ್ಮ ಬಾಗಿಲಲ್ಲೇ ನಿಂತು, “ನೋಡೇ, ನಿನ್ನ ಮಗ ನನ್ನ ತೂಕದ ಮಷೀನು ಹೊತ್ಕೊಂಡು ಹೋಗಿ ಶೆಡ್‌ನಲ್ಲಿಟ್ಟಿದಾನೆ. ಕೇಳಿದ್ರೆ ಸ್ಪ್ರಿಂಗ್ ತೂಗ್ಬೇಕು ಅಂತಾನೆ. ಸ್ಪ್ರಿಂಗ್‌ಗೂ ಶುಗರ್ ಬಂದಿದ್ಯಾ?” ಅಂದಳು.

ಶೆಡ್ಡಿಗೆ ಹೋದೆ. ಅಪ್ಪನ ಹಳೇ ಡ್ರಿಲ್ ಮಷೀನಿನ ಕೆಳಗೆ ತೂಕದ ಮಷೀನು ಕೂತಿತ್ತು. ಅದರ ಮೇಲೊಂದು ಕಬ್ಬಿಣದ ತುಂಡು, ತುಂಡಿನ ಮೇಲೊಂದು ಸ್ಪ್ರಿಂಗ್. ಮಗ ಡ್ರಿಲ್ಲಿನ ಹಿಡಿಕೆ ಹಿಡಿದು ನಿಂತಿದ್ದ. ಎಪ್ಪತ್ತಾರರ ಅಪ್ಪ ಸ್ಟೂಲಿನ ಮೇಲೆ ಕೂತು ವರ್ನಿಯರ್ ಹಿಡಿದಿದ್ದರು. ನನ್ನನ್ನು ನೋಡಿದ್ದೇ, “ಬಾ ಪುಟ್ಟಿ, ಸರಿಯಾದ ಟೈಮಿಗೆ ಬಂದೆ. ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಓದಿ ಬರ್ಕೋ” ಎಂದರು. ಚಪ್ಪಲಿ ಕೂಡ ಬಿಡದೆ ಕೆಲಸಕ್ಕೆ ನಿಂತೆ. ಚಿಕ್ಕವಳಿದ್ದಾಗ ಗ್ಯಾರೇಜಿನ ಲೆಕ್ಕದ ಪುಸ್ತಕ ಬರೆಯುತ್ತಿದ್ದದ್ದೂ ನಾನೇ.

ಇಷ್ಟಕ್ಕೂ ಇದೆಲ್ಲ ಶುರುವಾಗಿದ್ದು ನಮ್ಮ ಮಾರುತಿ 800ರಿಂದ. 1996ರ ಮಾಡೆಲ್. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ನನಗಿನ್ನೂ ಮದುವೆಯಾಗಿರಲಿಲ್ಲ. ನನ್ನ ಮದುವೆಯ ಹೂವಿನ ಹಾರ ಹಾಕಿಸಿಕೊಂಡಿದ್ದೂ ಅದೇ, ಹೆರಿಗೆಗೆ ನನ್ನನ್ನು ಕರೆದುಕೊಂಡು ಹೋದದ್ದೂ ಅದೇ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಿಕೊಂಡು ಬಂದಿದ್ದರು. ಕಳೆದ ವರ್ಷ ಹಿಂದಿನಿಂದ ನೀಲಿ ಹೊಗೆ ಜಾಸ್ತಿಯಾಯಿತು. ರಿಂಗು ಹೋಗಿದೆ, ಇಂಜಿನ್ ಇಳಿಸಬೇಕು ಎಂದರು ಅಪ್ಪ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ ನನ್ನ ಮಗನಿಗೆ ಹಬ್ಬವೇ ಬಂತು. ಶನಿವಾರ, ಭಾನುವಾರ ತಾತನ ಮನೆಯಲ್ಲೇ ಠಿಕಾಣಿ.

ಇಂಜಿನ್ ರಿಪೇರಿ ಅಂದರೆ ಅಪ್ಪನ ಪ್ರಕಾರ ಇದ್ದದ್ದನ್ನು ಇದ್ದ ಹಾಗೆ ಮಾಡುವುದು. ಮಗನ ಪ್ರಕಾರ ಇದ್ದದ್ದಕ್ಕಿಂತ ಜೋರು ಮಾಡುವುದು. ಗೆಳೆಯರ ಜೊತೆ ಆಟೋಕ್ರಾಸ್‌ನಲ್ಲಿ ಓಡಿಸಬೇಕೆಂಬ ಆಸೆ ಅವನಿಗೆ. “ಅಮ್ಮ, 7,000 ಆರ್‌ಪಿಎಂ ತನಕ ತಿರುಗೋ ಹಾಗೆ ಮಾಡ್ತೀನಿ” ಅಂದಿದ್ದ. ಆ ಗಾಡಿಗೆ ಆರ್‌ಪಿಎಂ ತೋರಿಸೋ ಮೀಟರೇ ಇಲ್ಲವಲ್ಲೋ ಅಂದೆ. ಅದನ್ನೂ ಹಾಕ್ತೀನಿ ಎಂದ.

ಅದಕ್ಕಾಗಿ ಅವನು ಆನ್‌ಲೈನಿನಲ್ಲಿ ಗಟ್ಟಿ ವಾಲ್ವ್ ಸ್ಪ್ರಿಂಗುಗಳ ಒಂದು ಸೆಟ್ಟು ತರಿಸಿದ್ದ. ಯಾರು ಮಾಡಿದ್ದು, ಎಷ್ಟು ಒತ್ತಡಕ್ಕೆ ಮಾಡಿದ್ದು, ಒಂದು ಚೀಟಿಯೂ ಡಬ್ಬಿಯಲ್ಲಿರಲಿಲ್ಲ. ಕೆಂಪು ಬಣ್ಣ ಮಾತ್ರ ಚೆನ್ನಾಗಿ ಬಳಿದಿದ್ದರು. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೇಡ ಅನ್ನಲಿಲ್ಲ. “ತೂಗು” ಎಂದರು ಅಷ್ಟೇ.

ವಾಲ್ವ್ ಸ್ಪ್ರಿಂಗ್ ಏನು ಮಾಡುತ್ತೆ ಅಂತ ಗೊತ್ತಿಲ್ಲದ ಓದುಗರಿಗೆ ನನಗೆ ಅರ್ಥವಾದ ರೀತಿಯಲ್ಲಿ ಹೇಳಿಬಿಡುತ್ತೇನೆ. ಹಳೇ ಹೋಟೆಲುಗಳಲ್ಲಿ ಅಡುಗೆಮನೆಗೆ ಅರ್ಧ ಎತ್ತರದ ಸ್ಪ್ರಿಂಗ್ ಬಾಗಿಲು ಇರುತ್ತಿತ್ತಲ್ಲ, ಮಾಣಿಗಳು ಕಾಲಲ್ಲಿ ಒದ್ದು ಒಳಗೆ ಹೋಗುತ್ತಿದ್ದದ್ದು? ಇಂಜಿನ್ನಿನ ತಲೆಯಲ್ಲಿ ಅಂಥ ಬಾಗಿಲುಗಳಿವೆ. ಮಾರುತಿ 800ರ 796 ಸಿಸಿ ಇಂಜಿನ್ನಿಗೆ ಮೂರು ಸಿಲಿಂಡರ್, ಈ ಕಾರ್ಬ್ಯುರೇಟರ್ ಮಾದರಿಯಲ್ಲಿ ಆರು ಬಾಗಿಲು. ಪೆಟ್ರೋಲು ಗಾಳಿ ಬರಲು ಒಂದು, ಹೊಗೆ ಹೋಗಲು ಒಂದು. ಕ್ಯಾಮ್ ಬಾಗಿಲನ್ನು ಒದ್ದು ತೆರೆಯುತ್ತೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಇಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಬಾಗಿಲು ಒಂದು ಸಲ ತೆರೆದು ಮುಚ್ಚಬೇಕು. 6,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸಲ. ಮಾಣಿಗಳು ಒಬ್ಬರ ಹಿಂದೊಬ್ಬರು ಓಡಿಬಂದು ಒದೆಯುತ್ತಿದ್ದರೆ ಬಾಗಿಲು ಮುಚ್ಚೋದೇ ಇಲ್ಲ, ಅಲ್ಲೇ ಹೊಯ್ದಾಡುತ್ತಿರುತ್ತೆ. ವಾಲ್ವೂ ಹಾಗೆಯೇ. ಇದಕ್ಕೆ ವಾಲ್ವ್ ಫ್ಲೋಟ್ ಅನ್ನುತ್ತಾರೆ. ಆಗ ಇಂಜಿನ್ನಿನ ಶಕ್ತಿ ಸೋರಿಹೋಗುತ್ತೆ. ಮುಚ್ಚಲು ತಡವಾದ ವಾಲ್ವು ಮೇಲೆ ಬರುವ ಪಿಸ್ಟನ್ನಿಗೆ ಬಡಿದರಂತೂ ಮುಗಿದೇ ಹೋಯಿತು.

“ಅದಕ್ಕೇ ತಾನೆ ಗಟ್ಟಿ ಸ್ಪ್ರಿಂಗು?” ಅಂದೆ. ಮಗ ಹೌದು ಹೌದು ಎಂದ. ವೇಗ ಹೆಚ್ಚಿದಷ್ಟಕ್ಕೇ ಒತ್ತಡ ಹೆಚ್ಚಿದರೆ ಸಾಲದಂತೆ, ವೇಗದ ವರ್ಗದಷ್ಟು ಬೇಕಂತೆ. 6,000ದಿಂದ 7,000ಕ್ಕೆ ಹೋಗಲು ಶೇಕಡಾ 36ರಷ್ಟು ಹೆಚ್ಚು ಬಲ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅಪ್ಪ ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ಮೊಮ್ಮಗನ ಲೆಕ್ಕವನ್ನು ಗೌರವದಿಂದಲೇ ಕೇಳಿ, “ಸರಿ, ಆ ಬಲಾನ ಯಾರು ತಡ್ಕೋತಾರೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿದಾರಾ?” ಎಂದರು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕ್ಯಾಮಿನ ಮೂಗು ಸವೆಯುತ್ತೆ, ರಾಕರ್ ಸವೆಯುತ್ತೆ, ವಾಲ್ವ್ ಕೂರುವ ಸೀಟು ಪೆಟ್ಟು ತಿನ್ನುತ್ತೆ. ಕ್ಯಾಮು, ಕಾರ್ಬ್ಯುರೇಟರು ಕಂಪನಿಯವೇ ಇದ್ದರೆ ಆ ವೇಗದಲ್ಲಿ ಇಂಜಿನ್ನಿಗೆ ಉಸಿರೇ ಸಾಲೋದಿಲ್ಲ. ಉಸಿರಿಲ್ಲದವನ ಮನೆಗೆ ಗಟ್ಟಿ ಬಾಗಿಲು ಹಾಕಿಸಿ ಏನು ಪ್ರಯೋಜನ ಎಂಬುದು ಅಪ್ಪನ ವಾದ.

ಮಗ ಸುಮ್ಮನಿರುವವನಲ್ಲ. ಫಾರ್ಮುಲಾ ಒನ್‌ನಲ್ಲಿ 1986ರಲ್ಲೇ ರೆನೋದವರು ಸ್ಪ್ರಿಂಗ್ ತೆಗೆದು ಗಾಳಿಯ ಒತ್ತಡದಿಂದ ವಾಲ್ವ್ ಮುಚ್ಚಿಸಿದರು, ಡುಕಾಟಿ ಬೈಕುಗಳಲ್ಲಿ ತೆರೆಯೋಕೊಂದು ಮುಚ್ಚೋಕೊಂದು ಕ್ಯಾಮ್ ಇರುತ್ತೆ ಅಂತೆಲ್ಲ ಫೋನಿನಲ್ಲಿ ತೋರಿಸಿದ. ಅಪ್ಪ ನಕ್ಕು, “ವಾಲ್ವ್ ಸ್ಪ್ರಿಂಗೇ ಇಲ್ಲದ ಇಂಜಿನ್ನು ನಮ್ಮ ಮೈಸೂರಲ್ಲೇ ಮಾಡ್ತಿದ್ರಲ್ಲೋ, ಜಾವಾ, ಯೆಜ್ಡಿ. ಟೂ ಸ್ಟ್ರೋಕು. ಅದರ ತಲೇಲಿ ವಾಲ್ವೂ ಇಲ್ಲ, ಏನೂ ಇಲ್ಲ” ಎಂದರು. ತಾತ ಮೊಮ್ಮಗ ಇಬ್ಬರೂ ನಗಾಡಿದರು. ಅಲ್ಲಿಯತನಕ ಎಲ್ಲ ಚೆನ್ನಾಗಿತ್ತು.

ತೂಗಿದ್ದು ಹೀಗೆ. ಹೆಡ್ಡಿನಲ್ಲಿ ಕೂರಿಸಿದಾಗ ಸ್ಪ್ರಿಂಗ್ ಎಷ್ಟು ಎತ್ತರ ಇರುತ್ತೋ ಅಷ್ಟಕ್ಕೆ, ಅಂದರೆ 40 ಮಿಲಿಮೀಟರಿಗೆ ಡ್ರಿಲ್ಲಿನಿಂದ ಅದುಮಬೇಕು. ಆಗ ಮುಳ್ಳು ಎಷ್ಟು ತೋರಿಸುತ್ತೋ ಅದು ವಾಲ್ವನ್ನು ಮುಚ್ಚಿ ಹಿಡಿಯುವ ಬಲ. ಆಮೇಲೆ ಕ್ಯಾಮ್ ಪೂರ್ತಿ ಒದ್ದಾಗಿನ ಎತ್ತರಕ್ಕೆ ಅದುಮಿ ಸುರುಳಿಗಳ ನಡುವೆ ಸಂದು ಉಳಿದಿದೆಯಾ ನೋಡಬೇಕು. ಸುರುಳಿಗೆ ಸುರುಳಿ ಕಚ್ಚಿಕೊಂಡರೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ಗೂಟ. ಹಳೇ ಆರು ಸ್ಪ್ರಿಂಗುಗಳಲ್ಲಿ ನಾಲ್ಕು 24, 25 ಕೆಜಿ ತೋರಿಸಿದವು. ಎರಡು 21ಕ್ಕೆ ಇಳಿದಿದ್ದವು. ಪಾಪ, ಇಪ್ಪತ್ತೆಂಟು ವರ್ಷ ದುಡಿದಿವೆ. ಹೊಸ ಕೆಂಪು ಸ್ಪ್ರಿಂಗುಗಳಲ್ಲಿ ಮೊದಲನೆಯದು 38. ಮಗನ ಮುಖ ಅರಳಿತು. ಎರಡನೆಯದು 37. ಮೂರನೆಯದು 30. ಇನ್ನೊಂದು ಸಲ ಅದುಮಿದ, ಮತ್ತೂ 30. ಐದನೆಯದು 31. ಆರನೆಯದನ್ನು ಪೂರ್ತಿ ಅದುಮುವಷ್ಟರಲ್ಲಿ ಸುರುಳಿಗಳು ಒಂದಕ್ಕೊಂದು ತಗುಲಿ ನಿಂತೇಬಿಟ್ಟವು. ಒಂದೇ ಡಬ್ಬಿ, ಒಂದೇ ಬಣ್ಣ.

“ಈಗ ಹೇಳು, ಯಾವ ಸಿಲಿಂಡರಿಗೆ ಯಾವುದು ಹಾಕ್ತೀಯ?” ಎಂದರು ಅಪ್ಪ.

ಮಗನಿಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಪಾಕೆಟ್ ಮನಿ ಕೂಡಿಟ್ಟು ತರಿಸಿದ್ದು. “ಅಡ್ಜಸ್ಟ್ ಮಾಡ್ಬಹುದು ತಾತ. ಕಡಿಮೆ ಇರೋದಕ್ಕೆ ಕೆಳಗೆ ವಾಷರ್ ಕೊಟ್ರೆ ಆಯ್ತು. ನೀವು ಲೈಫಲ್ಲಿ ಯಾವತ್ತೂ ರಿಸ್ಕೇ ತಗೊಂಡಿಲ್ಲ, ಅದಕ್ಕೇ ಹೀಗೆ” ಎಂದುಬಿಟ್ಟ. ನಾನು ಗದರಿಸಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ: “ರಿಸ್ಕ್ ತಗೊಂಡಿಲ್ಲ ಅಂತ ಯಾರೋ ಹೇಳಿದ್ದು? ಅಜ್ಜಿ ಬಳೆ ಎಲ್ಲಾ ರೇಸಿಗೆ ಹಾಕಿದ್ದು ಮತ್ಯಾರು?”

ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ನಾನೇಕೆ ಹಾಗೆ ಅಂದೆ ಅಂತ ನನಗೇ ಗೊತ್ತಾಗಲಿಲ್ಲ. ಮೂವತ್ತು ವರ್ಷ ನುಂಗಿಕೊಂಡದ್ದು.

ನಾನಾಗ ಹದಿನಾಲ್ಕು ವರ್ಷದವಳು, 1993. ಜೋಗುಪಾಳ್ಯದ ಕಡೆ ಅಪ್ಪನ ಬಾಡಿಗೆ ಗ್ಯಾರೇಜು. ಒಂದು ದಿನ ಸ್ಕೂಲಿಂದ ಬಂದರೆ ಅಮ್ಮನ ಕೈಯಲ್ಲಿ ನಾಲ್ಕು ಚಿನ್ನದ ಬಳೆ ಇರಲಿಲ್ಲ. ಗಾಜಿನ ಬಳೆ ಇತ್ತು. ಏನಾಯ್ತಮ್ಮ ಅಂದರೆ, “ರೇಸಿಗೆ ಹೋಯ್ತು, ನಿಮ್ಮಪ್ಪನ್ನ ಕೇಳು” ಅಂದಳು. ಬೆಂಗಳೂರಲ್ಲಿ ರೇಸು ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ರೇಸ್‌ಕೋರ್ಸ್ ರಸ್ತೆಯ ಕುದುರೆ ರೇಸು. ನಮ್ಮ ಬೀದಿಯಲ್ಲಿ ಕುದುರೆ ಬಾಲಕ್ಕೆ ಮನೆ ಕಟ್ಟಿ ಕಳೆದುಕೊಂಡವರು ಇಬ್ಬರಿದ್ದರು. ಅಪ್ಪನೂ ಮೂರನೆಯವರು ಅಂದುಕೊಂಡೆ. ಕೇಳಲಿಲ್ಲ. ಆ ವರ್ಷ ಸೋಮೇಶ್ವರನ ಪಲ್ಲಕ್ಕಿ ಉತ್ಸವಕ್ಕೆ ಅಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಬಂದಳು. ಅಂದಿನಿಂದ ಅಪ್ಪನ ಮೇಲೆ ನನಗೊಂದು ಮುನಿಸು. ಮದುವೆಗೆ ಅವರು ಸರ ಮಾಡಿಸಿಕೊಟ್ಟಾಗಲೂ, ಸಾಲ ತಂದರೋ ಜೂಜಿನದೋ ಅಂತ ಒಳಗೊಳಗೇ ಯೋಚಿಸಿದವಳು ನಾನು.

ಅಪ್ಪ ವರ್ನಿಯರನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ ಹೇಳತೊಡಗಿದರು.

ಅವರಿಗೆ ಕಾರ್ ರೇಸಿನ ಹುಚ್ಚು ಮದುವೆಗೆ ಮುಂಚಿನಿಂದಲೂ ಇತ್ತು. ಶಿವಾಜಿನಗರದಲ್ಲಿ ಕೆಲಸ ಕಲಿಯುವಾಗ ಯಜಮಾನರ ಜೊತೆ ದಂಡು ಸ್ಟೇಷನ್ನಿನಿಂದ ರಾತ್ರಿ ರೈಲು ಹತ್ತಿ ಮದ್ರಾಸ್ ಹತ್ತಿರದ ಶೋಲಾವರಂಗೆ ಹೋಗುತ್ತಿದ್ದರಂತೆ. ಯುದ್ಧಕಾಲದ ವಿಮಾನ ಇಳಿದಾಣವದು, ಅದರ ಮೇಲೆ ಫಿಯೆಟ್ಟು, ಹೆರಾಲ್ಡುಗಳ ರೇಸು. ಆಮೇಲೆ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಬಂತು. ಮಾರುತಿ ಬಂದು ರೇಸೇ ಬದಲಾಗಿತ್ತು. ಕೊಯಮತ್ತೂರಿನ ಕರಿವರ್ಧನ್ ಇದೇ 800ರ ಇಂಜಿನ್ನು ಕೂರಿಸಿ ಫಾರ್ಮುಲಾ ಮಾರುತಿ ಅಂತ ಒಂದೇ ಸೀಟಿನ ರೇಸ್ ಕಾರು ಮಾಡಿದ್ದರು. ನಾರಾಯಣ್ ಕಾರ್ತಿಕೇಯನ್ ಮೊದಮೊದಲು ಓಡಿಸಿದ್ದು ಅಂಥದ್ದನ್ನೇ. ಅಪ್ಪನ ಗಿರಾಕಿಯೊಬ್ಬರು ತಮ್ಮ 800 ಅನ್ನು ರೇಸಿಗೆ ತಯಾರು ಮಾಡಿಕೊಡಿ ಎಂದರು. ಅಪ್ಪ ಹೆಡ್ ಕೆರೆಸಿ, ಬೇರೆ ಕ್ಯಾಮ್ ಹಾಕಿ, ಗಟ್ಟಿ ಸ್ಪ್ರಿಂಗು ಕೂರಿಸಿದರು.

“ಸ್ಪ್ರಿಂಗು ಚೆನ್ನಾಗೇ ಇತ್ತು ಕಣೋ. ಅದನ್ನ ಹಿಡ್ಕೊಳ್ಳೋ ಲಾಕು ಇದ್ಯಲ್ಲ, ವಾಲ್ವಿನ ಕತ್ತಿಗೆ ಕಚ್ಕೊಳ್ಳೋ ಎರಡು ಸಣ್ಣ ಚೂರು, ಅದನ್ನ ಹಳೇದೇ ಹಾಕಿದ್ದೆ. ಸವೆದಿತ್ತು. ಕೈಗೆ ಗೊತ್ತಾಯ್ತು, ಆದ್ರೂ ಹಾಕ್ದೆ. ಒಂದು ಸೆಟ್ ದುಡ್ಡು ಉಳಿಸೋಕೆ. ನಾಕನೇ ಲ್ಯಾಪಲ್ಲಿ ಲಾಕ್ ಹಾರ್ತು, ವಾಲ್ವ್ ಸಿಲಿಂಡರೊಳಗೆ ಬಿತ್ತು. ಪಿಸ್ಟನ್ ಚೂರುಚೂರು, ಕನೆಕ್ಟಿಂಗ್ ರಾಡು ಬ್ಲಾಕನ್ನೇ ಒಡೆದು ಹೊರಗೆ ಬಂತು. ಆ ಹುಡುಗ ಗಾಡೀನ ಹುಲ್ಲಿಗೆ ಇಳಿಸಿ ನಿಲ್ಲಿಸ್ದ. ಉಳ್ಕೊಂಡ. ನನ್ನ ಕಾಲು ನಡುಗ್ತಾ ಇತ್ತು.”

ಗಿರಾಕಿ ಒಂದು ಮಾತೂ ಆಡಲಿಲ್ಲವಂತೆ. ರೇಸಿನಲ್ಲಿ ಇದೆಲ್ಲ ಇದ್ದದ್ದೇ ಎಂದರಂತೆ. ಅಪ್ಪನಿಗೇ ತಡೆಯಲಾಗದೆ ಬಳೆ ಅಡವಿಟ್ಟು ಅವರಿಗೆ ಬೇರೆ ಇಂಜಿನ್ ಕೂರಿಸಿಕೊಟ್ಟರು. ಬಡ್ಡಿ ಏರಿ ಬಳೆ ಬಿಡಿಸಲಾಗಲಿಲ್ಲ. ಮತ್ತೆ ಯಾವತ್ತೂ ರೇಸ್ ಗಾಡಿ ಮುಟ್ಟಲಿಲ್ಲ.

ಅಷ್ಟರಲ್ಲಿ ಕಾಫಿ ತಂದಿದ್ದ ಅಮ್ಮ ಬಾಗಿಲಲ್ಲೇ ನಿಂತಿದ್ದಳು. “ನಾನು ಇಷ್ಟು ವರ್ಷ ಕುದುರೆ ರೇಸು ಅಂದ್ಕೊಂಡಿದ್ದೆ” ಅಂದೆ. ಅಮ್ಮ ಲೋಟ ಕೆಳಗಿಟ್ಟು, “ಕುದುರೆ ರೇಸಾ? ಯಾರೇ ಹೇಳಿದ್ದು ನಿನಗೆ?” ಅಂದಳು. ನೀನೇ ಅಂದೆ. ಅವಳಿಗೆ ನೆನಪೇ ಇಲ್ಲ. “ಬಳೆ ನಾನೇ ಬಿಚ್ಚಿ ಕೊಟ್ಟಿದ್ದು. ಇವರು ಮೂರು ದಿನ ಅನ್ನ ಮುಟ್ಟಿರಲಿಲ್ಲ. ಕೋಪಕ್ಕೆ ಏನೋ ಅಂದಿರ್ತೀನಿ” ಅಂದಳು. ಅಪ್ಪ ನನ್ನ ಕಡೆ ನೋಡಲಿಲ್ಲ. ಕಾಫಿ ಆರುತ್ತೆ ಕುಡಿ ಎಂದರು.

ನಾನು ಏನೋ ಹೇಳಬೇಕಿತ್ತು. ಹೇಳಲಿಲ್ಲ. ಲೋಟಗಳನ್ನು ತೊಳೆಯುವ ನೆವದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಮುಂದಿನ ಶನಿವಾರ ತಾತ, ಮೊಮ್ಮಗ ಜೆ.ಸಿ. ರಸ್ತೆಗೆ ಹೋಗಿ ಕಂಪನಿಯ ಹೊಸ ಸ್ಪ್ರಿಂಗು ಆರು, ಅದರ ಜೊತೆಗೆ ಹೊಸ ಲಾಕು ಹನ್ನೆರಡು ತಂದರು. ರೋಡಿನಲ್ಲಿ ಓಡುವ ಗಾಡಿಯನ್ನು ಕಂಪನಿ ಮಾಡಿದ್ದಕ್ಕಿಂತ ಬೇರೆ ಥರ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ ಅಂತ ಮಗ ತಾನೇ ಹುಡುಕಿ ಹೇಳಿದ. ಸೋಲನ್ನು ಕಾನೂನಿನ ಲೆಕ್ಕಕ್ಕೆ ಬರೆದುಕೊಂಡರೆ ಅಷ್ಟು ನೋವಾಗೋದಿಲ್ಲವೇನೋ. ಹೊಸವನ್ನೂ ತೂಗದೆ ಹಾಕಲಿಲ್ಲ. ಆರೂ 25, 26. ಲಾಕುಗಳನ್ನು ಗ್ರೀಸಿನಲ್ಲಿ ಅಂಟಿಸಿ ವಾಲ್ವಿನ ಕತ್ತಿಗೆ ಕೂರಿಸುವಾಗ ಅಪ್ಪನ ಬೆರಳು ನಡುಗುತ್ತಿತ್ತು. ಮೊದಲ ಎರಡನ್ನು ಅವರೇ ಕೂರಿಸಿ, ಉಳಿದದ್ದನ್ನು ಮೊಮ್ಮಗನಿಗೆ ಬಿಟ್ಟರು. ಪ್ರತಿಯೊಂದನ್ನೂ ಕೂರಿಸಿದ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಸಲ ತಟ್ಟಿ ನೋಡು ಎಂದರು. ಅವನು ನಾಲ್ಕು ಸಲ ತಟ್ಟಿದ.

ಗಾಡಿ ಸ್ಟಾರ್ಟಾದ ದಿನ ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಕೊಟ್ಟು ಬಹಳ ಹೊತ್ತು ಕೇಳಿದರು. ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ತನಕ ಹೋಗಿ ಬಂದೆವು. ಮಗ ಸ್ಟೀರಿಂಗಿಗೆ, ಅಪ್ಪ ಪಕ್ಕದಲ್ಲಿ, ನಾನು ಅಮ್ಮ ಹಿಂದೆ. ಹೊಸ ರಿಂಗು ಕೂರುವ ತನಕ ಜೋರು ತುಳಿಯಬಾರದಂತೆ, ಎಲ್ಲ ಆಟೋಗಳೂ ನಮ್ಮನ್ನು ದಾಟಿಕೊಂಡು ಹೋದವು.

ತೂಕದ ಮಷೀನು ಮತ್ತೆ ಒಳಗೆ ಬಂದಿದೆ. ಕೊನೇ ಸ್ಪ್ರಿಂಗು ತೂಗುವಾಗ ಒಂದು ಸಲ ಜಾರಿ ಮಷೀನಿಗೆ ಬಲವಾಗಿ ಬಡಿದಿತ್ತು. ಅಂದಿನಿಂದ ಅದು ಮೂರು ಕೆಜಿ ಕಡಿಮೆ ತೋರಿಸುತ್ತಿದೆ. ಅಮ್ಮ ಮೆಂತ್ಯದ ನೀರು ಕುಡಿದದ್ದರ ಫಲ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಮುಳ್ಳನ್ನು ತಿರುಗಿಸಿ ಸರಿ ಮಾಡಲು ಅಪ್ಪನಿಗೆ ಎರಡು ನಿಮಿಷ ಸಾಕು. ಯಾಕೆ ಮಾಡಿಲ್ಲ ಅಂತ ಕೇಳಿದರೆ, ಮಾಡಿದ್ರೆ ನೀನೇ ಹೇಳ್ಬೇಕಾಗುತ್ತೆ ಅವಳಿಗೆ, ಅನ್ನುತ್ತಾರೆ.