ಕೃತಕ ಕೀಲೂ ವೈದ್ಯರ ಕೂಟವೂ

ಸವೆದ ಸೊಂಟದ ಕೀಲಿಗೆ ಬದಲಾಗಿ ಉಕ್ಕಿನ ಗುಂಡನ್ನೂ ಪ್ಲಾಸ್ಟಿಕ್ ಬಟ್ಟಲನ್ನೂ ಇಡುವ ಕ್ರಮವನ್ನು ಜಾನ್ ಚಾರ್ನ್‌ಲಿಯವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ೧೯೬೨ರ ವೇಳೆಗೆ ನೆಲೆಗೊಳಿಸಿದರು. ಅದರಿಂದ ಊರುಗೋಲನ್ನು ಬಿಟ್ಟು ನಡೆದವರು ಅಸಂಖ್ಯರು. ಆದರೆ ನೂರರಲ್ಲಿ ಒಬ್ಬಿಬ್ಬರ ಕೃತಕ ಕೀಲಿಗೆ ಸೋಂಕು ತಗಲುವುದುಂಟು. ಸೂಕ್ಷ್ಮಜೀವಿಗಳು ಕಲ್ಲಿನ ಮೇಲಣ ಪಾಚಿಯಂತೆ ಅದಕ್ಕಂಟಿ ಪೊರೆಗಟ್ಟಿದರೆ ಔಷಧವು ಸುಲಭವಾಗಿ ಒಳಹೊಗದು.

ನಮ್ಮ ಸೋದರತ್ತೆಯವರಿಗೆ ಹೀಗಾದಾಗ, ಇದು ಒಬ್ಬ ವೈದ್ಯರಿಂದ ತೀರುವ ಕೆಲಸವಲ್ಲವೆಂಬುದನ್ನು ಕಂಡೆವು. ಕೀಲನ್ನು ಉಳಿಸಿ ತೊಳೆಯುವುದೋ, ತೆಗೆದು ಬೇರೊಂದನ್ನಿಡುವುದೋ ಎಂಬುದು ಶಸ್ತ್ರವೈದ್ಯರ ವಿಚಾರ. ಕೀಲಿನ ಸುತ್ತ ಐದಾರು ಕಡೆಗಳಿಂದ ತೆಗೆದ ಮಾಂಸದ ಚೂರುಗಳಲ್ಲಿ ಜೀವಿಯ ಜಾತಿಯನ್ನು ಗುರುತಿಸುವವರು ಪ್ರಯೋಗಶಾಲೆಯವರು. ಅದಕ್ಕೆ ತಕ್ಕ ಔಷಧವನ್ನು ಎಷ್ಟು ವಾರ ಕೊಡಬೇಕೆಂಬುದನ್ನು ಸೋಂಕುರೋಗದ ತಜ್ಞರು ಗೊತ್ತುಮಾಡುವರು. ಮರಳಿ ನಡಿಗೆ ಕಲಿಸುವವರು ಮತ್ತೊಬ್ಬರು. ಇವರೆಲ್ಲರೂ ಒಂದೆಡೆ ಕುಳಿತು ಒಮ್ಮತಕ್ಕೆ ಬಂದರೆ ರೋಗಿಗೆ ದಾರಿ ತಿಳಿಯಾಗುವುದು. ಒಬ್ಬೊಬ್ಬರು ಒಂದೊಂದು ನುಡಿದರೆ ಅಲೆದಾಟವೇ ಗತಿ.

ಗೃಹಸ್ಥರ ಪಾಲೂ ಇದರಲ್ಲುಂಟು. ಗಾಯವು ಒಸರಿತೆಂದು ನಾವಾಗಿಯೇ ಅಂಗಡಿಯ ಮಾತ್ರೆಗಳನ್ನು ಕೊಟ್ಟರೆ, ಜೀವಿಯು ಪರೀಕ್ಷೆಗೆ ಸಿಕ್ಕದೆ ಮರೆಯಾಗಬಹುದು. ನಂಜು ಮಾತ್ರ ಒಳಗೇ ಉಳಿಯುವುದು. ತಡಮಾಡದೆ ಕೀಲಿಟ್ಟ ಶಸ್ತ್ರವೈದ್ಯರನ್ನು ಕಾಣುವುದೇ ಲೇಸು. ಹಿರಿಯರು ಹಿತ್ತಲವರೆಗೆ ತಾವೇ ನಡೆದುಹೋಗುವ ಸ್ವಾತಂತ್ರ್ಯವು ಆ ಎಚ್ಚರದ ಮೇಲೆ ನಿಂತಿದೆ.