ಕೊನೆಯ ಬಾಗಿಲು



ಏಪ್ರಿಲ್, ಮೇ ತಿಂಗಳುಗಳು ಅನೇಕರು ಮನೆ ಬದಲಿಸುವ ಕಾಲ. ವರ್ಗಾವಣೆ, ಹೊರದೇಶದ ಉದ್ಯೋಗ, ಪ್ರಾಣಿಗಳಿಗೆ ಅವಕಾಶವಿಲ್ಲದ ಬಾಡಿಗೆ ಮನೆ, ಹಿರಿಯರ ಅನಾರೋಗ್ಯ ಹೀಗೆ ಕಾರಣಗಳು ಹಲವು. ಸಾಮಾನುಗಳೆಲ್ಲ ಲಾರಿ ಏರುತ್ತವೆ; ಅಂಗಳದ ನಾಯಿ ಮಾತ್ರ ಉಳಿದುಬಿಡುತ್ತದೆ. ಇಂಥ ಸಮಯದಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳು ನನ್ನನ್ನು ಕೇಳುವುದುಂಟು: "ಫಾದರ್, ಇದನ್ನು ಎಲ್ಲಿ ಬಿಡೋಣ?" ಆ ಪ್ರಶ್ನೆಯನ್ನು "ಯಾರಿಗೆ ಒಪ್ಪಿಸೋಣ?" ಎಂದು ತಿದ್ದಿಕೊಳ್ಳಿರೆಂಬುದು ನನ್ನ ವಿನಂತಿ.

ಮೀನು ಮಾರುಕಟ್ಟೆಯ ಬಳಿ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಬೀದಿನಾಯಿಗಳಿಗೆ ತಮ್ಮದೇ ಗಡಿಗಳಿವೆ. ಹೊಸದಾಗಿ ಬಂದುದನ್ನು ಅವು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ತಟ್ಟೆಯಲ್ಲಿ ಉಂಡು ಬೆಳೆದ ಪ್ರಾಣಿಗೆ ಆಹಾರ ಹುಡುಕಲೂ ತಿಳಿಯದು, ವಾಹನಗಳಿಂದ ತಪ್ಪಿಸಿಕೊಳ್ಳಲೂ ತಿಳಿಯದು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಹಾಗಾದರೆ ಮಾಡಬೇಕಾದುದೇನು? ಹೊರಡುವ ವಾರದಲ್ಲಲ್ಲ, ಕೆಲವು ತಿಂಗಳುಗಳ ಮುಂಚೆಯೇ ಹುಡುಕಾಟ ಆರಂಭವಾಗಲಿ. ಮೊದಲು ನೆಂಟರು, ನೆರೆಯವರು, ಪಶುವೈದ್ಯರ ಪರಿಚಯದವರನ್ನು ಕೇಳಿ. ರೇಬೀಸ್ ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ದಾಖಲೆಗಳನ್ನು ಜೊತೆಗಿಡಿ. ಹೊಸ ಮನೆಯನ್ನು ಕಣ್ಣಾರೆ ಕಂಡು ಬನ್ನಿ. ಪ್ರಾಣಿಯ ಗುಣದೋಷಗಳನ್ನು ಮುಚ್ಚಿಡಬೇಡಿ. ಮಕ್ಕಳ ಮೇಲೆ ಗುರುಗುಟ್ಟುವ ನಾಯಿಯನ್ನು ಸಾಧು ಎಂದು ಹೇಳಿ ಕೊಟ್ಟರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಬೀದಿಪಾಲಾದೀತು. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನೂ ಕಳುಹಿಸಿ; ಪರಿಚಿತ ವಾಸನೆ ಅದರ ಭಯವನ್ನು ಕಡಿಮೆ ಮಾಡುತ್ತದೆ.

ಎಲ್ಲ ಪ್ರಯತ್ನವೂ ವಿಫಲವಾದಾಗ ಆಶ್ರಯಧಾಮಗಳಿವೆ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ, ಮಂಗಳೂರಿನ ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳು ಈ ಸೇವೆಯಲ್ಲಿ ತೊಡಗಿವೆ. ಸ್ಥಳವಿಲ್ಲವೆಂಬ ಕಾರಣಕ್ಕೆ ಆರೋಗ್ಯವಂತ ಪ್ರಾಣಿಯನ್ನು ಕೊಲ್ಲಲಾಗದು ಎಂಬ ತತ್ತ್ವ ಲೋಕದ ಹಲವೆಡೆ ಬೇರೂರಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1994ರಲ್ಲಿ ಪ್ರಾಣಿದಯಾ ಸಂಘವೂ ನಗರಾಡಳಿತವೂ ಈ ಬಗ್ಗೆ ಒಪ್ಪಂದವನ್ನೇ ಮಾಡಿಕೊಂಡವು.

ಈ ಕರುಣೆಗೂ ಒಂದು ಮಿತಿಯುಂಟು ಎಂಬುದನ್ನು ಗಮನಿಸಿ. ಕೊಲ್ಲದ ಆಶ್ರಯಧಾಮ ತುಂಬಿದಾಗ ಬಾಗಿಲು ಮುಚ್ಚಲೇಬೇಕಾಗುತ್ತದೆ. ಬೇರೆ ಮನೆ ದೊರಕಬಹುದಾಗಿದ್ದ ನಮ್ಮ ನಾಯಿ ಅಲ್ಲಿ ಒಂದು ಗೂಡನ್ನು ಹಿಡಿದರೆ, ಕಾಲು ಮುರಿದು ರಸ್ತೆಯಲ್ಲಿ ಬಿದ್ದಿರುವ ಇನ್ನೊಂದಕ್ಕೆ ಜಾಗವಿಲ್ಲ. ಆದುದರಿಂದ ಅದು ನಮ್ಮ ಕೊನೆಯ ಬಾಗಿಲಾಗಲಿ. ಒಪ್ಪಿಸಲೇಬೇಕಾಗಿ ಬಂದರೆ ಮುಂಚಿತವಾಗಿ ಕೇಳಿ, ಒಪ್ಪಿಗೆ ಪಡೆದು, ಅದರ ಅನ್ನದ ಖರ್ಚಿಗೂ ನೆರವಾಗಿ. ರಾತ್ರಿ ಗೇಟಿಗೆ ಕಟ್ಟಿ ಬರುವುದು ಒಪ್ಪಿಸುವುದಲ್ಲ.

ಹುಟ್ಟುಹಬ್ಬಕ್ಕೆ ಮಗುವಿನ ಕೈಗೆ ಮರಿಯೊಂದನ್ನು ಇಡುವ ಮುನ್ನವೂ ಯೋಚಿಸಿ. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷಗಳಿಗೂ ಮೀರಬಹುದು. ಅಷ್ಟು ಕಾಲ ನಮ್ಮ ಬಾಗಿಲು ತೆರೆದಿರುವುದೇ?