ಮಾಸ್ಫಿಲ್ಮ್ ಜೋಡಿಯ ವಿಳಾಸ

ತಾರ್ಕೊವ್ಸ್ಕಿಯ ಸಿನಿಮಾಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿದವರಿಗೆ ಈ ಜೋಡಿಯ ಮುಖಪರಿಚಯ ಇದ್ದೇ ಇರುತ್ತೆ. ಸುತ್ತಿಗೆ ಎತ್ತಿ ಹಿಡಿದ ಕಾರ್ಮಿಕ, ಪಕ್ಕದಲ್ಲಿ ಕುಡುಗೋಲು ಹಿಡಿದ ರೈತ ಹೆಣ್ಣುಮಗಳು, ಹಿಂದೆ ಕ್ರೆಮ್ಲಿನ್ನಿನ ಸ್ಪಾಸ್ಕಯಾ ಗೋಪುರ. ಇಬ್ಬರೂ ನಿಧಾನವಾಗಿ ತಿರುಗುತ್ತಾರೆ, ‘ಮಾಸ್ಫಿಲ್ಮ್’ ಅಂತ ಅಕ್ಷರ ಮೂಡುತ್ತೆ, ಸಿನಿಮಾ ಶುರು. 1947ರಿಂದ ಇದೇ ಆ ಸ್ಟುಡಿಯೋದ ಗುರುತು.

ಆದ್ರೆ ಈ ಚಿತ್ರ ನಂಬಿಕೊಂಡು ಕೆಂಪು ಚೌಕಕ್ಕೆ ಹೋದರೆ ಗೋಪುರ ಸಿಗುತ್ತೆ, ಜೋಡಿ ಸಿಗಲ್ಲ. ಸ್ಟುಡಿಯೋ ಇರೋದು ನಗರದ ನೈಋತ್ಯ ಭಾಗದಲ್ಲಿ. (ನಮ್ಮ ಬೀದರ್‌ಗೆ ಬಂದಿದ್ದ 15ನೇ ಶತಮಾನದ ಯಾತ್ರಿಕ ಅಫನಾಸಿ ನಿಕಿತಿನ್ ಕಥೆ ‘ಪರದೇಸಿ’ಯನ್ನು ಕೆ.ಎ. ಅಬ್ಬಾಸ್ ಈ ಸ್ಟುಡಿಯೋ ಜೊತೆ ಸೇರಿಯೇ 1957ರಲ್ಲಿ ತೆರೆಗೆ ತಂದಿದ್ದು.) ಜೋಡಿಯನ್ನು ನೋಡಬೇಕಂದ್ರೆ ಉತ್ತರಕ್ಕೆ ಹೋಗಬೇಕು. ಕಿತ್ತಳೆ ಬಣ್ಣದ ಮೆಟ್ರೋ ಲೈನಿನಲ್ಲಿ ವೆಡೆಎನ್‌ಖಾ ಸ್ಟೇಷನ್, ಅಲ್ಲಿಂದ ಸ್ವಲ್ಪ ನಡಿಗೆ.

ಮೂರ್ತಿಯ ಎತ್ತರವೇ ಸುಮಾರು 24 ಮೀಟರ್, ಪೀಠ ಅದಕ್ಕಿಂತ ಎತ್ತರ. ಕತ್ತು ಹಿಂದಕ್ಕೆ ಬಾಗಿಸಿ ನೋಡಿದರೂ ಸಾಲದು. ಈ ಪೀಠಕ್ಕೊಂದು ಕಥೆಯಿದೆ.

ಶಿಲ್ಪಿ ವೆರಾ ಮುಖಿನಾ ಇದನ್ನು ಮಾಡಿದ್ದು 1937ರ ಪ್ಯಾರಿಸ್ ವಿಶ್ವಮೇಳಕ್ಕೆ. ಸ್ಟೇನ್‌ಲೆಸ್ ಸ್ಟೀಲಿನ ಈ ಜೋಡಿಯನ್ನು ಬಿಡಿಬಿಡಿಯಾಗಿ ರೈಲಿನಲ್ಲಿ ಸಾಗಿಸಿ, ಬೋರಿಸ್ ಇಯೊಫಾನ್ ವಿನ್ಯಾಸ ಮಾಡಿದ ಸೋವಿಯತ್ ಮಳಿಗೆಯ ನೆತ್ತಿಯ ಮೇಲೆ ನಿಲ್ಲಿಸಿದ್ದರು. ಎದುರಿಗೇ ಹಿಟ್ಲರನ ಜರ್ಮನಿಯ ಮಳಿಗೆ, ಅದರ ತುದಿಯಲ್ಲಿ ಹದ್ದು. ಮೇಳ ಮುಗಿದು ಮಾಸ್ಕೋಗೆ ವಾಪಸ್ ಬಂದಾಗ ಮೂರ್ತಿಗೆ ಸಿಕ್ಕಿದ್ದು ಹತ್ತು ಮೀಟರಿನಷ್ಟು ಎತ್ತರದ ಪೀಠ. ಪ್ಯಾರಿಸ್ಸಿನ ಮೂರನೇ ಒಂದು ಭಾಗ ಅಷ್ಟೇ! ಆಕಾಶಕ್ಕೆ ಹಾರಲಿ ಅಂತ ಮಾಡಿದ್ದನ್ನು ನೆಲಕ್ಕೆ ತಂದು ಕೂರಿಸಿದಂಗೆ. ಮುಖಿನಾಗೆ ಇದು ಸಹಿಸೋಕಾಗಲಿಲ್ಲ. ಆ ಪೀಠವನ್ನು ಮರದ ಮೋಟು ಅಂತ ಹೀಗಳೆದರು. ದೂರಿದರೂ ಪ್ರಯೋಜನ ಆಗಲಿಲ್ಲ, 1953ರಲ್ಲಿ ತೀರಿಕೊಂಡರು.

ಆದ್ರೆ ತೆರೆ ಮೇಲಿನ ಗುರುತಿನಲ್ಲಿ ಆ ಮೋಟು ಪೀಠ ಇಲ್ಲವೇ ಇಲ್ಲ. ತಿರುಗೋದು ಸಣ್ಣ ಮಾದರಿ, ಆದರೂ ಗೋಪುರಕ್ಕೇ ಸವಾಲು ಹಾಕೋ ಹಾಗೆ ನಿಲ್ಲುತ್ತೆ. ಊರು ಕೊಡದ ಎತ್ತರವನ್ನು ಸಿನಿಮಾದವರು ಆಕೆ ಬದುಕಿದ್ದಾಗಲೇ ಕೊಟ್ಟಿದ್ದರು ಅಂತ ನನಗನ್ಸುತ್ತೆ. ಊರು ಕೊಟ್ಟಿದ್ದು 2009ರಲ್ಲಿ. ಆರು ವರ್ಷ ಬಿಚ್ಚಿಟ್ಟಿದ್ದ ಮೂರ್ತಿಯನ್ನು ದುರಸ್ತಿ ಮಾಡಿ, ಪ್ಯಾರಿಸ್ ಮಳಿಗೆಯನ್ನೇ ಹೋಲುವ ಹೊಸ ಕಟ್ಟಡದ ಮೇಲೆ ಏರಿಸಿದರು.

ಇಲ್ಲಿ ಅದು ತಿರುಗಲ್ಲ, ನಾವೇ ಒಂದು ಸುತ್ತು ಹಾಕಬೇಕು. ಮುಂದಿನಿಂದ ಒಂದು ಫೋಟೋ ತೆಗೆದು ಹೊರಟುಬಿಡಬೇಡಿ. ಪಕ್ಕಕ್ಕೆ ಬನ್ನಿ. ಇಬ್ಬರ ಹಿಂದೆ ಗಾಳಿಗೆ ಹಾರುತ್ತಿರುವ ಉದ್ದನೆಯ ವಸ್ತ್ರ ಇದೆ, ಟನ್‌ಗಟ್ಟಲೆ ತೂಕದ್ದು. ಅದು ಯಾಕೆ ಬೇಕು ಅಂತ ಕೇಳಿದವರಿದ್ದರು, ಮುಖಿನಾ ಪಟ್ಟು ಬಿಡಲಿಲ್ಲ. ಆ ಜೋಡಿ ಎಷ್ಟು ಜೋರಾಗಿ ಹೆಜ್ಜೆ ಹಾಕ್ತಿದೆ ಅಂತ ಗೊತ್ತಾಗೋದು ಅಲ್ಲಿಂದಲೇ.